ಸಾಗರದ ಕೆಂಚಿ ಮಾರ್ಬರ್ಗ್‌ಗೆ ಹೋದದ್ದು

ನಾನು ಮಾಡಿದ ಪ್ರಯಾಣಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡುತ್ತಿರುವುದು ಬರೀ ಜೊತೆಗಾರಳಾಗಿ ಹೋಗಿಬಂದ ಪ್ರಯಾಣ. ಅದರಲ್ಲಿ ರಕ್ತ ಪರೀಕ್ಷೆಯಾದದ್ದು ನನಗಲ್ಲ, ಸರ್ಕಾರಿ ಮೊಹರು ಬಿದ್ದ ಕಾಗದಗಳು ನನ್ನವಲ್ಲ, ಗಡಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡಿದ್ದೂ ನನ್ನನ್ನಲ್ಲ. ಎಲ್ಲವೂ ಕೆಂಚಿಯದು. ಕೆಂಚಿ ನಮ್ಮ ಮನೆಯ ನಾಯಿ.

ಅವಳು ಸಾಗರದ ಬಸ್‌ಸ್ಟ್ಯಾಂಡಿನ ಮರಿ. 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳೆಲ್ಲ ಮುಚ್ಚಿ, ಅವುಗಳ ಹಿತ್ತಿಲ ಬಾಗಿಲನ್ನೇ ನಂಬಿದ್ದ ನಾಯಿಗಳು ಬಡಕಲಾಗಿದ್ದಾಗ ಮಗಳು ಇವಳನ್ನು ಚೀಲದಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಮನೆಗೆ ತಂದಳು. ಕೆಂದು ಮೈ, ಎದೆಯ ಮೇಲೆ ಬಿಳಿ ಮಚ್ಚೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಅನ್ನ–ಮಜ್ಜಿಗೆ ಉಂಡು ಅಡಿಕೆ ತೋಟದಲ್ಲಿ ಬೆಳೆದಳು. ಮಂಗಗಳನ್ನು ಓಡಿಸುವುದು, ಕೊನೆ ಕೊಯ್ಯುವವರ ಹಿಂದೆ ಮರದಿಂದ ಮರಕ್ಕೆ ಅಲೆಯುವುದು, ಸಂಜೆ ಜಗಲಿಯ ಕೆಳಗೆ ಮಲಗುವುದು. ಮಗಳಿಗೆ ಜರ್ಮನಿಯ ಮಾರ್ಬರ್ಗ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಅವಳು ಹೋದ ಮೇಲೆ ಕೆಂಚಿ ಮಲಗುವ ಜಾಗ ಜಗಲಿಯಿಂದ ಉಣುಗೋಲಿನ ಬಳಿಗೆ ಬದಲಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಎರಡು ನಾಯಿಗಳನ್ನು ಚಿರತೆ ಅಂಗಳದಿಂದಲೇ ಹೊತ್ತುಕೊಂಡು ಹೋಯಿತು. ‘ಆಯಿ, ಕೆಂಚಿಯನ್ನು ಇಲ್ಲಿಗೇ ಕರೆಸ್ಕೊಳ್ತೆ’ ಎಂದು ಮಗಳು ಫೋನಿನಲ್ಲಿ ಹೇಳಿದಾಗ ಇವರು, ‘ತೋಟದ ನಾಯಿ ಫ್ಲಾಟಿನಲ್ಲಿ ಬದುಕ್ತದಾ?’ ಎಂದು ಕೇಳಿದರು. ಬೇಡ ಎನ್ನಲಿಲ್ಲ.

ಶಿವಮೊಗ್ಗದ ಪಶುವೈದ್ಯರೊಬ್ಬರು ಮಾಡಬೇಕಾದುದನ್ನೆಲ್ಲ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದುಕೊಟ್ಟರು. ಮೊದಲು ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಕ್ಕ ಮೈಕ್ರೋಚಿಪ್. ಅದರಲ್ಲಿ 15 ಅಂಕಿಗಳ ಒಂದು ಸಂಖ್ಯೆ. ಆಮೇಲೆ ರೇಬಿಸ್ ಲಸಿಕೆ. ಚಿಪ್ ಕೂರಿಸುವ ಮೊದಲು ಹಾಕಿದ ಲಸಿಕೆ ಲೆಕ್ಕಕ್ಕಿಲ್ಲ. ಅದು ಇದೇ ನಾಯಿಗೆ ಹಾಕಿದ್ದೆಂದು ಸಾಬೀತು ಮಾಡುವುದು ಹೇಗೆ? ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಐರೋಪ್ಯ ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಒಂದು ಮಿಲಿಲೀಟರಿನಲ್ಲಿ ರೇಬಿಸ್ ತಡೆಯುವ ಪ್ರತಿಕಾಯ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ಇರಬೇಕು. ಇದ್ದರೂ ತಕ್ಷಣ ಹೊರಡುವಂತಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು.

‘ಅಮೆರಿಕದ ನಾಯಿಗೋ ಜಪಾನಿನ ನಾಯಿಗೋ ಈ ರಕ್ತ ಪರೀಕ್ಷೆಯೂ ಇಲ್ಲ, ಕಾಯುವುದೂ ಇಲ್ಲ. ಅವೆಲ್ಲ ಅವರ ಪಟ್ಟಿಯಲ್ಲಿರುವ ದೇಶಗಳು. ನಮ್ಮದು ಇಲ್ಲ’ ಎಂದರು ವೈದ್ಯರು. ಲಸಿಕೆಗೆ ಮೊದಲೇ ರೋಗ ತಗುಲಿದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ ಅದು ಹೊರಬೀಳುತ್ತದೆ. ಅದಕ್ಕೇ ಈ ಮೂರು ತಿಂಗಳು.

ಆ ಪಟ್ಟಿಯ ಮಾತು ಕೇಳಿ ಮೊದಲು ನನಗೆ ಸಿಟ್ಟೇ ಬಂತು. ನಮ್ಮ ನಾಯಿ ಏನು ತಪ್ಪು ಮಾಡಿದೆ ಎನ್ನಿಸಿತು. ಕಾಯುತ್ತ ಕುಳಿತ ಆ ತಿಂಗಳುಗಳಲ್ಲಿ ಬಾಲ್ಯದ ನೆನಪುಗಳು ಒಂದೊಂದೇ ಮೇಲೆ ಬಂದವು. ನಾನು ಚಿಕ್ಕವಳಿದ್ದಾಗ ಹುಚ್ಚುನಾಯಿ ಕಚ್ಚಿತೆಂದರೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ ಅದು. ಅದರ ನೋವಿಗೆ ಹೆದರಿ ಎಷ್ಟೋ ಜನ ನಾಟಿ ಮದ್ದಿನ ಮೊರೆ ಹೋಗುತ್ತಿದ್ದರು. ನಮ್ಮ ಕೇರಿಯ ಒಬ್ಬ ಹುಡುಗ ಹಾಗೆಯೇ ಹೋದ. ಕಚ್ಚಿದ ಗಾಯ ಮಾಯ್ದು ಎಲ್ಲರೂ ಮರೆತ ಮೇಲೆ ಒಂದು ದಿನ ಅವನಿಗೆ ನೀರು ಕಂಡರೆ ಗಂಟಲು ಬಿಗಿಯತೊಡಗಿತು. ತಾಯಿ ಲೋಟ ಹಿಡಿದು ನಿಂತಿದ್ದಳು. ಅವನು ಬಾಯಾರಿಕೆಯಿಂದ ಕೂಗುತ್ತಲೇ ಲೋಟವನ್ನು ದೂಡುತ್ತಿದ್ದ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ಆ ಹುಡುಗ ನೆನಪಾದ ಮೇಲೆ ಆ ಹಾಳೆಯ ಮೇಲಿನ ನಿಯಮಗಳ ಬಗ್ಗೆ ನನಗೆ ಸಿಟ್ಟು ಉಳಿಯಲಿಲ್ಲ.

ಕಾಯುವ ಕಾಲದಲ್ಲಿ ಮಾಡಬೇಕಾದ ದೊಡ್ಡ ಕೆಲಸ ಪೆಟ್ಟಿಗೆಯದು. ವಿಮಾನದಲ್ಲಿ ಪ್ರಾಣಿ ಒಯ್ಯುವ ಪೆಟ್ಟಿಗೆಗೆ ಜಗತ್ತಿಗೆಲ್ಲ ಒಂದೇ ಅಳತೆಯ ಲೆಕ್ಕವಿದೆ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಮುಂಗಾಲಿನ ಮೊಣಕೈ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ಕಿವಿಯ ತುದಿಯವರೆಗಿನ ಎತ್ತರ, ಮೇಲೆ ಒಂದಿಷ್ಟು ಜಾಗ. ನಾಲ್ಕೂ ಕಡೆ ಗಾಳಿಕಿಂಡಿ. ಬಾಗಿಲು ತೆಗೆಯದೆ ಹೊರಗಿನಿಂದಲೇ ನೀರು ಹಾಕಲು ಬಟ್ಟಲು.

ನಮ್ಮೂರಿನ ಆಚಾರಿ ಅಂಗಳದಲ್ಲಿ ಕೆಂಚಿಯನ್ನು ನಿಲ್ಲಿಸಿ ಟೇಪು ಹಿಡಿದ. ನೆಟ್ಟಗಿದ್ದ ಕಿವಿಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಮಡಚಿದ್ದನ್ನೋ ಎಂದು ಗಂಭೀರವಾಗಿ ಯೋಚಿಸಿ, ನೆಟ್ಟಗಿದ್ದುದನ್ನೇ ಹಿಡಿದ. ‘ಅಮ್ಮಾ, ಹಲಸಿನ ಹಲಗೆ ಹಾಕ್ತೆ. ನಮ್ಮ ಕಾಲಕ್ಕೂ ಮಕ್ಕಳ ಕಾಲಕ್ಕೂ ಬಾಳ್ತದೆ’ ಎಂದ. ಹಸಿ ಮರ ಗಡಿ ದಾಟಬೇಕಾದರೆ ಅದನ್ನು ಕಾಯಿಸಿ ಒಳಗಿನ ಹುಳ ಕೊಂದು ಮುದ್ರೆ ಒತ್ತಿಸಬೇಕು, ಪ್ಲೈವುಡ್ಡಿಗೆ ಆ ನಿಯಮವಿಲ್ಲ ಎಂದು ವಿವರಿಸಿದೆ. ಹಲಸಿನ ಹುಳಕ್ಕೂ ಪರದೇಶದಲ್ಲಿ ಹೆದರುತ್ತಾರೆಯೇ ಎಂದು ಆಶ್ಚರ್ಯಪಟ್ಟ. ಕೊನೆಗೆ ಹೇಳಿದ: ‘ಒಳಗೆ ಎದ್ದು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು ಅಂತೀರಿ. ಹಂಗಾದ್ರೆ ಇದು ಬೋನಲ್ಲ, ಮನೆ.’ ನಮ್ಮ ಕಡೆ ಬೋನೆಂದರೆ ಚಿರತೆ ಹಿಡಿಯಲು ಅರಣ್ಯ ಇಲಾಖೆಯವರು ಇಡುವಂಥದ್ದು. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಆತ ಪೆಟ್ಟಿಗೆಯ ಒಳಮೈಯನ್ನೆಲ್ಲ ಕೈಯಾಡಿಸಿ ನೋಡಿ, ಒಂದು ಸಿಬಿರೂ ಇಲ್ಲದಂತೆ ಉಜ್ಜಿ ಕೊಟ್ಟ.

ಪೆಟ್ಟಿಗೆ ಜಗಲಿಗೆ ಬಂತು. ಒಳಗೆ ನನ್ನ ಹಳೆಯ ನೂಲಿನ ಸೀರೆ ಹಾಸಿದೆ. ಊಟ ಅದರೊಳಗೇ ಇಟ್ಟೆ. ಮೊದಲು ಬಾಗಿಲು ತೆರೆದು, ಆಮೇಲೆ ಓರೆ ಮಾಡಿ, ಆಮೇಲೆ ಚಿಲಕ ಹಾಕಿ. ನಿದ್ದೆ ಬರಿಸುವ ಔಷಧ ಕೊಟ್ಟು ಕಳಿಸಬಹುದಲ್ಲ ಎಂದು ಹಲವರು ಹೇಳಿದರು. ವೈದ್ಯರು ಸ್ಪಷ್ಟವಾಗಿ ಬೇಡವೆಂದರು. ಅಷ್ಟು ಎತ್ತರದಲ್ಲಿ ಅಂಥ ಔಷಧ ಉಸಿರಾಟವನ್ನೂ ರಕ್ತದೊತ್ತಡವನ್ನೂ ಏರುಪೇರು ಮಾಡಬಹುದು. ಮಂಪರಿನಲ್ಲಿರುವ ನಾಯಿ ಪೆಟ್ಟಿಗೆ ಅಲುಗಾಡಿದರೆ ಸಾವರಿಸಿಕೊಳ್ಳಲಾರದು. ಪೆಟ್ಟಿಗೆ ಅವಳದೇ ಎನ್ನಿಸುವಂತೆ ಮಾಡುವುದೇ ಔಷಧ. ಮಾಗಿಯ ಚಳಿಯಲ್ಲಿ ಕೆಂಚಿ ತಾನಾಗಿಯೇ ಹೋಗಿ ಅದರಲ್ಲಿ ಮಲಗತೊಡಗಿದಾಗ ನನಗೆ ಹೊರಡುವ ಧೈರ್ಯ ಬಂತು.

ಮಗಳು ರಜೆಗೆ ಬಂದು ಹಿಂದಿರುಗಿದಳು. ಅವಳ ವಿಮಾನದಲ್ಲಿ ಪ್ರಾಣಿಗೆ ಜಾಗವಿರಲಿಲ್ಲ. ಪ್ರಾಣಿಯ ಒಡೆಯರು ಪ್ರಯಾಣ ಮಾಡಿದ 5 ದಿನದೊಳಗೆ, ಅವರಿಂದ ಲಿಖಿತ ಅಧಿಕಾರ ಪಡೆದವರು ಸಾಕುಪ್ರಾಣಿಯನ್ನು ಕರೆದೊಯ್ಯಲು ಐರೋಪ್ಯ ನಿಯಮ ಒಪ್ಪುತ್ತದೆ. ತೋಟದಲ್ಲಿ ಅಡಿಕೆ ಸುಲಿತ, ಕೊಟ್ಟಿಗೆಯಲ್ಲಿ ದನ; ಇವರು ಬಿಟ್ಟುಬರುವಂತಿರಲಿಲ್ಲ. ಹಾಗಾಗಿ ಆ ಅಧಿಕಾರಪತ್ರ ನನ್ನ ಕೈಗೆ ಬಂತು.

ಬೆಂಗಳೂರಿನಲ್ಲಿ ಮೊದಲು ಹೋದದ್ದು ಹೆಸರಘಟ್ಟಕ್ಕೆ, ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಅರ್ಕಾವತಿಯ ನೀರು ಕೊಟ್ಟ ಕೆರೆಯ ಊರು ಅದು. ದಾರಿಯ ಬದಿಯ ಹುಲ್ಲುಗಾವಲು ಫೆಬ್ರವರಿಯ ಬಿಸಿಲಿಗೆ ಹೊಂಬಣ್ಣವಾಗಿತ್ತು. ಮಲೆನಾಡಿನ ಹಸಿರಲ್ಲೇ ಬೆಳೆದ ಕೆಂಚಿ ಕಾರಿನ ಕಿಟಕಿಯಿಂದ ಮೂಗು ಹೊರಚಾಚಿ ಆ ಬಯಲಿನ ಗಾಳಿಯನ್ನು ಎಳೆದುಕೊಂಡಳು.

ಅಧಿಕಾರಿ ಕಾಗದಗಳನ್ನು ಒಂದೊಂದಾಗಿ ನೋಡಿ, ‘ತಳಿ’ ಎಂಬ ಕಲಮಿನ ಮೇಲೆ ಪೆನ್ನು ನಿಲ್ಲಿಸಿದರು. ‘ಏನಂತ ಬರೆಯೋಣಮ್ಮ?’ ‘ನಮ್ಮೂರ ನಾಯಿ’ ಎಂದೆ. ಅವರು ನಕ್ಕು ದೇಶಿ ಎಂದು ಬರೆದುಕೊಂಡರು. ಆಗ ನನಗೆ ನೆನಪಾದದ್ದು ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಬಂಟ ಮಣಲೇರ ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಉಡುಗೊರೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಕಾಳಿ ಯಾವ ತಳಿಯೆಂದು ಆ ಶಾಸನ ಹೇಳುವುದಿಲ್ಲ. ಹೆಸರು ಹೇಳುತ್ತದೆ, ಮಾಡಿದ ಕೆಲಸ ಹೇಳುತ್ತದೆ. ಕಾಗದದ ಮೇಲೆ ಕೆಂಚಿಯ ಹೆಸರು ಬಿದ್ದದ್ದನ್ನು ನೋಡಿ ನನಗೆ ಹೆಮ್ಮೆಯೆನಿಸಿತು.

ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ನಡುರಾತ್ರಿಯೂ ಹಗಲು. ಗುಲಾಬಿ ಹೂವಿನ ರಟ್ಟಿನ ಪೆಟ್ಟಿಗೆಗಳು, ತರಕಾರಿ, ಯಂತ್ರದ ಬಿಡಿಭಾಗಗಳು; ಅವುಗಳ ನಡುವೆ ಹಸಿರು ಚೀಟಿ ಅಂಟಿಸಿಕೊಂಡ ನಮ್ಮ ಪ್ಲೈವುಡ್ ಪೆಟ್ಟಿಗೆ. ಕೆಂಚಿಯನ್ನು ಹೊರಗೆ ತೆಗೆದು, ಖಾಲಿ ಪೆಟ್ಟಿಗೆಯನ್ನು ತಪಾಸಣೆ ಮಾಡಿ, ಮತ್ತೆ ಒಳಗೆ ಬಿಟ್ಟರು. ಸಾಮಾನು ಎತ್ತುವ ಹುಡುಗನೊಬ್ಬ ಬಾಗಿಲಿನ ಬೋಲ್ಟುಗಳನ್ನು ಒಂದೊಂದಾಗಿ ಎಳೆದು ನೋಡಿ ಪ್ಲಾಸ್ಟಿಕ್ ಪಟ್ಟಿ ಬಿಗಿದ. ಮಾತು ಕೇಳಿದರೆ ರಾಯಚೂರು ಕಡೆಯವನು.

‘ಯಾವೂರ ನಾಯಿ ಅವ್ವಾ ಇದು?’

‘ಸಾಗರದ್ದಪ್ಪ.’

‘ನಮ್ಮೂರಾಗೂ ಇಂಥಾವೇ ಅದಾವ್ರಿ. ದೊಡ್ಡ ದೊಡ್ಡ ಜಾತಿ ನಾಯಿ ಹೋಗೂದು ನೋಡೀನಿ. ನಮ್ಮಂಥಾ ನಾಯಿ ಹೊಂಟಿದ್ದು ನೋಡಿದ್ದು ಕಡಿಮಿ.’ ನೀರಿನ ಬಟ್ಟಲು ತುಂಬಿಸಿ, ಕಿಂಡಿಯಲ್ಲಿ ಬೆರಳು ತೂರಿಸಿ ಅವಳ ಮೂಗು ಮುಟ್ಟಿದ. ‘ಚಿಂತಿ ಮಾಡಬ್ಯಾಡ್ರಿ, ನಾನೇ ನಿಂತು ಏರಸ್ತೀನಿ.’

ಅವನಿಗೆ ಕೊಡಲು ನನ್ನ ಬಳಿ ಇದ್ದದ್ದು ದಾರಿಗೆಂದು ಕಟ್ಟಿಕೊಂಡಿದ್ದ ಅವಲಕ್ಕಿ ಚೂಡಾ. ಎರಡೂ ಕೈ ಚಾಚಿ ತೆಗೆದುಕೊಂಡ. ಕೆಲಸ ಹುಡುಕಿಕೊಂಡು ನೂರಾರು ಮೈಲು ದಾಟಿ ಬಂದಿದ್ದ ಆ ಹುಡುಗನಿಗೆ, ಊರು ಬಿಟ್ಟು ಹೋಗುವ ಜೀವದ ಮೇಲೆ ಕರುಣೆ ಹುಟ್ಟುವುದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು ಹತ್ತು ಗಂಟೆಯ ಹಾರಾಟ. ಪ್ರಾಣಿಗಳನ್ನು ಇಡುವ ಕೆಳಗಿನ ವಿಭಾಗದಲ್ಲೂ ಪ್ರಯಾಣಿಕರ ವಿಭಾಗದಲ್ಲಿರುವಷ್ಟೇ ಗಾಳಿಯ ಒತ್ತಡ, ತಕ್ಕಷ್ಟು ಬೆಚ್ಚಗೆ ಇರುತ್ತದೆ ಎಂದು ಓದಿಕೊಂಡಿದ್ದೆ. ಓದಿದ್ದು ತಲೆಗೆ ಸಮಾಧಾನ, ಎದೆಗಲ್ಲ. ಗಗನಸಖಿಯನ್ನು ಕರೆದು, ಕೆಳಗೆ ನಮ್ಮ ನಾಯಿ ಇದೆ, ಪೈಲಟ್‌ಗೆ ಗೊತ್ತಿದೆಯೇ ಎಂದು ಕೇಳಿದೆ. ಆಕೆ ಮುಂದೆ ಹೋಗಿ ಬಂದು, ‘ಗೊತ್ತಿದೆ. ಪ್ರಾಣಿ ಇದ್ದರೆ ಹೊರಡುವ ಮೊದಲೇ ಕ್ಯಾಪ್ಟನ್‌ಗೆ ಬರೆದು ಕೊಡುತ್ತಾರೆ’ ಎಂದಳು. ನನ್ನ ಪಕ್ಕದಲ್ಲಿ ದಾವಣಗೆರೆಯ ಅಜ್ಜ ಅಜ್ಜಿ, ಮಗಳ ಬಾಣಂತನಕ್ಕೆ ಹೊರಟವರು. ‘ನಾವು ಆರು ತಿಂಗಳಿಗೆ ಹೋಗಿ ಬರ್ತೀವಿ. ನಿಮ್ಮ ನಾಯಿ ಅಲ್ಲೇ ನೆಲೆಸಾಕೆ ಹೊಂಟೈತಿ’ ಎಂದರು ಅಜ್ಜ. ಅವರ ಮಾತು ನಿಜ. ವಿದೇಶಕ್ಕೆ ಹೋಗುವ ಮನುಷ್ಯ ತಾನೇ ತೀರ್ಮಾನಿಸಿ ಹೋಗುತ್ತಾನೆ, ಒಗ್ಗದಿದ್ದರೆ ಬಿಟ್ಟು ಬರುತ್ತಾನೆ. ಕೆಂಚಿಗೆ ಎರಡೂ ಇಲ್ಲ. ಅವಳ ಪರವಾಗಿ ನಾವು ತೀರ್ಮಾನ ಮಾಡಿದ ಮೇಲೆ, ಅವಳು ಸುಖವಾಗಿರುವಂತೆ ನೋಡಿಕೊಳ್ಳುವ ಹೊಣೆ ಅವಳಿರುವಷ್ಟು ಕಾಲ ನಮ್ಮದೇ.

ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ಪ್ರಾಣಿಗಳಿಗೆಂದೇ ದೊಡ್ಡ ಕಟ್ಟಡವಿದೆ. ಕುದುರೆಗಳು, ಅಕ್ವೇರಿಯಮ್ಮಿನ ಮೀನುಗಳು, ಮೃಗಾಲಯದ ಪ್ರಾಣಿಗಳು, ಎಲ್ಲವೂ ಆ ದಾರಿಯಲ್ಲೇ ಹೋಗುತ್ತವೆ. ಮಗಳು ನನಗಿಂತ ಮೊದಲೇ ಬಂದು ಕಾಯುತ್ತಿದ್ದಳು. ಪಶುವೈದ್ಯಾಧಿಕಾರಿ ಮಧ್ಯವಯಸ್ಸಿನ ಹೆಂಗಸು, ಕಾಲಿಗೆ ರಬ್ಬರ್ ಬೂಟು. ಓದುಯಂತ್ರವನ್ನು ಕೆಂಚಿಯ ಕುತ್ತಿಗೆಯ ಮೇಲೆ ಆಡಿಸಿದಳು. ‘ಪೀ’ ಎಂದು ಸದ್ದಾಯಿತು. ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತ, ಇನ್ನೊಂದು ಕೈಯ ಬೆರಳನ್ನು ಪ್ರಮಾಣಪತ್ರದ ಮೇಲೆ ಸರಿಸುತ್ತ ಹೋದಳು. ಹದಿನೈದೂ ಹೊಂದಿದವು. ಆಮೇಲೆ ರಕ್ತ ತೆಗೆದ ತಾರೀಖು, ಪ್ರತಿಕಾಯದ ಅಳತೆ, ಹೆಸರಘಟ್ಟದ ಮೊಹರು. ಎಲ್ಲ ಮುಗಿದ ಮೇಲೆ ಬಗ್ಗಿ, ಮಡಚಿದ ಕಿವಿಯ ಹಿಂದೆ ಕೆರೆದು ಏನೋ ಹೇಳಿದಳು. ‘ಒಳ್ಳೆ ಪ್ರಯಾಣಿಕಳು ಅಂತಿದ್ದಾರೆ ಆಯಿ’ ಎಂದು ಮಗಳು ಅಳುತ್ತಲೇ ಅನುವಾದಿಸಿದಳು. ಕೆಂಚಿ ಅವಳ ಮೈಮೇಲೆ ಎರಡೂ ಕಾಲು ಹಾಕಿ ನಿಂತಿದ್ದಳು.

ಗೆಳೆಯರಿಂದ ತಂದ ವ್ಯಾನಿನಲ್ಲಿ ಉತ್ತರಕ್ಕೆ ಹೊರಟೆವು. ದಾರಿಯ ಎರಡೂ ಬದಿ ಉತ್ತು ಬಿಟ್ಟ ಕಪ್ಪು ಹೊಲಗಳು, ಬೇಲಿಯಿಲ್ಲ, ದನವಿಲ್ಲ, ಎಲೆ ಉದುರಿದ ಮರಗಳು. ಮಾರ್ಬರ್ಗ್ ಲಾನ್ ನದಿಯ ದಂಡೆಯ ಗುಡ್ಡದೂರು. ಮೇಲೆ ಕೋಟೆ, ಇಳಿಜಾರಿನಲ್ಲಿ ಮರದ ತೊಲೆಗಳು ಎದ್ದು ಕಾಣುವ ಹಳೆಯ ಮನೆಗಳು, ಕೆಳಗೆ ಹದಿಮೂರನೆಯ ಶತಮಾನದ ಎಲಿಜಬೆತ್ ಚರ್ಚು. ಕೆಳಗಿನ ಬೀದಿಯಿಂದ ಮೇಲಿನ ಪೇಟೆಗೆ ಹೋಗಲು ಲಿಫ್ಟೇ ಇದೆ. ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರು ಓದಿದ್ದು ಈ ಊರಿನಲ್ಲಿ. ಹಲ್ಲು ಉದುರಿದ ಮೇಲೆ ಯಜಮಾನನಿಗೆ ಬೇಡವಾದ ಮುದಿ ನಾಯಿ ಸುಲ್ತಾನನ ಕಥೆ ಅವರ ಸಂಗ್ರಹದಲ್ಲಿದೆ.

ಮೊದಲ ರಾತ್ರಿ ಕೆಂಚಿ ಬಾಲ್ಕನಿಯಲ್ಲಿ ನಿಂತು ಬೊಗಳಿದಳು. ನಮ್ಮಲ್ಲಾದರೆ ಆ ಬೊಗಳಿಗೆ ಕೆಳಗಿನ ಕೇರಿಯಿಂದ ಒಂದು ಉತ್ತರ, ಅದಕ್ಕೆ ಗುಡ್ಡದಾಚೆಯಿಂದ ಇನ್ನೊಂದು, ಹೀಗೆ ಸುದ್ದಿ ದೂರದವರೆಗೆ ಹೋಗುತ್ತದೆ. ಇಲ್ಲಿ ಯಾರೂ ಉತ್ತರಿಸಲಿಲ್ಲ. ನಾಯಿಗಳಿಲ್ಲವೆಂದಲ್ಲ. ಬೆಳಗಾದರೆ ನದಿಯ ದಂಡೆಯಲ್ಲಿ ಎಷ್ಟೋ ನಾಯಿಗಳು. ಆದರೆ ಪ್ರತಿಯೊಂದರ ಜೊತೆಗೂ ಒಬ್ಬ ಮನುಷ್ಯ. ಪ್ರತಿ ನಾಯಿಯನ್ನೂ ನಗರಸಭೆಯಲ್ಲಿ ನೋಂದಾಯಿಸಿ ತೆರಿಗೆ ಕಟ್ಟಬೇಕು. ನಾಯಿಗೆ ದಿನವೂ ಹೊರಗೆ ಸಾಕಷ್ಟು ಓಡಾಟ ಸಿಗಬೇಕೆಂದು 2022ರಿಂದ ಕಾನೂನೇ ಇದೆ. ಬೇಕರಿಯಾಕೆ ಕೇಳದೆಯೇ ಕೆಂಚಿಗೆ ಒಂದು ಬಟ್ಟಲು ನೀರಿಟ್ಟಳು. ರೈಲಿನಲ್ಲಿ ಅವಳಿಗೂ ಟಿಕೆಟ್. ನಮ್ಮೂರ ನಾಯಿಗೆ ಸ್ವಾತಂತ್ರ್ಯವಿದೆ, ಹಕ್ಕಿಲ್ಲ. ಅಲ್ಲಿಯ ನಾಯಿಗೆ ಹಕ್ಕಿದೆ, ಹಗ್ಗ ಬಿಟ್ಟು ಓಡುವ ಜಾಗ ಕಡಿಮೆ. ಯಾವುದು ಮೇಲೆಂದು ಕೆಂಚಿಯನ್ನೇ ಕೇಳಬೇಕಿತ್ತು. ಹೊಟ್ಟೆ ಒಗ್ಗುವವರೆಗೆ ನಾನು ಅವಳಿಗೆ ಅನ್ನವನ್ನೇ ಬೇಯಿಸಿ, ಅಲ್ಲಿಯ ಗಟ್ಟಿ ಮೊಸರನ್ನು ನೀರು ಮಾಡಿ ಕಲಸಿ ಹಾಕಿದೆ. ಬಟ್ಟಲು ನೆಕ್ಕಿ ಮುಗಿಸಿದ ದಿನ ನಮಗಿಬ್ಬರಿಗೂ ನಿರಾಳವಾಯಿತು.

ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ, ಅವರ ಜೊತೆ ಗಿಡ್ಡ ಕಾಲಿನ ಮುದಿ ನಾಯಿ. ಮೆಟ್ಟಿಲ ಮೇಲೆ ಮೊದಲ ಸಲ ಎದುರಾದಾಗ ಅವರು ಕೇಳಿದ್ದು, ‘ರೇಬಿಸ್ ಲಸಿಕೆ ಆಗಿದೆಯೇ?’ ಮಗಳು ಪ್ರತಿಕಾಯದ ಅಳತೆಯನ್ನೂ ಹೇಳಿದಳು. ಅಜ್ಜಿ ಸಮಾಧಾನಗೊಂಡು, ಮರುದಿನ ಸೇಬಿನ ಕೇಕ್ ಹಿಡಿದು ಮೇಲೆ ಬಂದರು. ಹಾಲಿನ ಪದಾರ್ಥ ಹೊರದೇಶದಿಂದ ಒಯ್ಯುವಂತಿಲ್ಲವಾದ್ದರಿಂದ ನಾನು ತುಪ್ಪ ತಂದಿರಲಿಲ್ಲ. ಅಲ್ಲಿಯ ಬೆಣ್ಣೆಯನ್ನೇ ಕಾಯಿಸಿ ತುಪ್ಪ ಮಾಡಿ, ಊರಿನಿಂದ ಒಯ್ದಿದ್ದ ತೊಡೆದೇವಿನ ಮೇಲೆ ಹಾಕಿ ಕೊಟ್ಟೆ. ಕಾಗದದಷ್ಟು ತೆಳ್ಳಗಿನ ಅದನ್ನು ಅಜ್ಜಿ ಬೆಳಕಿಗೆ ಹಿಡಿದು ನೋಡಿ, ಆಮೇಲೆ ತಿಂದು, ಇನ್ನೊಂದು ಕೇಳಿದರು.

ಅವರು ಹೇಳಿದ ಕಥೆ ಈಗಲೂ ನನ್ನ ಕಿವಿಯಲ್ಲಿದೆ. ಅವರ ಬಾಲ್ಯದಲ್ಲಿ ಅಲ್ಲಿಯ ಕಾಡಿನ ಅಂಚಿನಲ್ಲಿ ‘ಇದು ರೇಬಿಸ್ ಪ್ರದೇಶ’ ಎಂಬ ಫಲಕಗಳಿರುತ್ತಿದ್ದವಂತೆ. ರೋಗ ಹರಡುತ್ತಿದ್ದದ್ದು ನರಿಗಳು. ‘ನರಿ ಹೆದರದೆ ಹತ್ತಿರ ಬಂದರೆ ಓಡಿಬಿಡು ಎಂದು ಅಮ್ಮ ಹೇಳುತ್ತಿದ್ದಳು’ ಎಂದರು. ನರಿಗಳನ್ನು ಕೊಂದು ನೋಡಿದರು, ಬಿಲಗಳಿಗೆ ವಿಷಾನಿಲ ಬಿಟ್ಟರು, ರೋಗ ನಿಲ್ಲಲಿಲ್ಲ. ಕೊನೆಗೆ 1983ರಿಂದ ಲಸಿಕೆ ತುಂಬಿದ ತಿನಿಸನ್ನು ಕಾಡಿನಲ್ಲಿ ಇಡಲು ಶುರುಮಾಡಿದರು. ಬೇಟೆಗಾರರಾಗಿದ್ದ ಅಜ್ಜಿಯ ಗಂಡ ಚೀಲ ಹೊತ್ತು ಹೋಗಿ ನರಿ ಓಡಾಡುವ ಕಡೆಯೆಲ್ಲ ಅವನ್ನು ಇಟ್ಟು ಬರುತ್ತಿದ್ದರಂತೆ. ‘ಮನೆಗೆ ಬಂದರೆ ಅಂಗಿಯೆಲ್ಲ ಮೀನಿನ ವಾಸನೆ!’ ಮುಂದೆ ವಿಮಾನದಿಂದಲೂ ಉದುರಿಸಿದರು. 2008ರಲ್ಲಿ ಜರ್ಮನಿ ನರಿ–ನಾಯಿಗಳ ರೇಬಿಸ್‌ನಿಂದ ಮುಕ್ತವಾಯಿತು. ಕೊಂದು ಮುಗಿಸಲಾಗದ ರೋಗವನ್ನು ಕಾಡುಪ್ರಾಣಿಗೆ ಲಸಿಕೆ ತಿನ್ನಿಸಿ ಮುಗಿಸಿದರು.

ಇನ್ನೊಂದು ಸಂಜೆ ಊಟಕ್ಕೆ ಬಂದವನು ವೈರಾಣುಗಳ ಮೇಲೆ ಕೆಲಸ ಮಾಡುವ ಮಗಳ ಸ್ನೇಹಿತ. ಅಪ್ಪೆಮಿಡಿಯ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ, ನಮ್ಮದು ಶಿವಮೊಗ್ಗ ಜಿಲ್ಲೆಯೆಂದು ತಿಳಿದ ಕೂಡಲೇ, ‘ಕ್ಯಾಸನೂರು ನಿಮಗೆ ಹತ್ತಿರವೇ?’ ಎಂದ. ನಾನು ಬೆರಗಾದೆ. ಪಕ್ಕದ ಸೊರಬ ತಾಲ್ಲೂಕಿನ ಕಾಡು ಅದು. 1957ರಲ್ಲಿ ಮಂಗಗಳು ಸತ್ತು ಬಿದ್ದು, ಉಣುಗಿನ ಮೂಲಕ ಜನರಿಗೆ ಹರಡಿದ ಮಂಗನ ಕಾಯಿಲೆ ಜಗತ್ತಿನ ಪುಸ್ತಕಗಳಲ್ಲಿ ಆ ಕಾಡಿನ ಹೆಸರಿನಲ್ಲೇ ಇದೆ. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮನೆಮನೆಗೆ ತಂದ ದುಃಖವನ್ನು ನಾನು ಕಂಡಿದ್ದೇನೆ.

‘ನಮ್ಮೂರಿನ ಹೆಸರಿಗೂ ಅದೇ ಗತಿ’ ಎಂದ ಆತ. 1967ರಲ್ಲಿ ಪೋಲಿಯೋ ಲಸಿಕೆ ತಯಾರಿಗೆಂದು ಉಗಾಂಡದಿಂದ ವಿಮಾನದಲ್ಲಿ ತರಿಸಿದ ಮಂಗಗಳಿಂದ ಮಾರ್ಬರ್ಗ್‌ನ ಕಾರ್ಖಾನೆಯ ಕೆಲಸಗಾರರಿಗೆ ಯಾರೂ ಕಂಡರಿಯದ ಜ್ವರ ತಗುಲಿತು. ಫ್ರಾಂಕ್‌ಫರ್ಟ್, ಬೆಲ್‌ಗ್ರೇಡ್ ಸೇರಿ 31 ಜನರಿಗೆ ಬಂದು 7 ಜನ ಸತ್ತರು. ಆ ವೈರಾಣುವಿಗೆ ಮಾರ್ಬರ್ಗ್ ಎಂದೇ ಹೆಸರಾಯಿತು. ಆ ಬೇಸಿಗೆಯಲ್ಲಿ ಶಾಲೆಯ ಹುಡುಗಿಯಾಗಿದ್ದ ಕೆಳಮನೆಯ ಅಜ್ಜಿಯನ್ನು ಅವರ ತಾಯಿ ಮನೆಯಿಂದ ಹೊರಗೆ ಬಿಟ್ಟಿರಲಿಲ್ಲವಂತೆ. ಸಾಗರದಿಂದ ಹೊರಟಾಗ ಗಡಿಯ ನಿಯಮಗಳು ಶ್ರೀಮಂತ ದೇಶದ ಅಹಂಕಾರವೆಂದು ಯಾರೋ ಹೇಳಿದ್ದರು. ವಿಮಾನದಲ್ಲಿ ಬಂದ ಪ್ರಾಣಿಗಳಿಂದ ತನ್ನವರನ್ನು ಕಳೆದುಕೊಂಡ ಊರಿನಲ್ಲಿ ಕುಳಿತು ಆ ಮಾತನ್ನು ಒಪ್ಪಲು ನನ್ನಿಂದ ಸಾಧ್ಯವಾಗಲಿಲ್ಲ.

ಆ ಕಾರ್ಖಾನೆಯನ್ನು 1904ರಲ್ಲಿ ಕಟ್ಟಿದವರು ಎಮಿಲ್ ಫಾನ್ ಬೇರಿಂಗ್. ಗಂಟಲಮಾರಿಗೆ ಮದ್ದು ಕಂಡುಕೊಂಡು 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಪಡೆದವರು. ಊರ ಹೊರಗಿನ ಗುಡ್ಡದ ಕಾಡಿನಲ್ಲಿ ಅವರ ಸಮಾಧಿಯಿದೆ. ಕೆಂಚಿಯನ್ನು ಕರೆದುಕೊಂಡು ಅಲ್ಲಿಗೆ ನಡೆದು ಹೋದಾಗ ಮಗಳು ಹೇಳಿದ ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಕೋಳಿಮೊಟ್ಟೆಯ ಭ್ರೂಣದ ಜೀವಕೋಶದಲ್ಲಿ ಬೆಳೆಸಿದ ರೇಬಿಸ್ ಲಸಿಕೆ ರೇಬಿಪುರ್ ಅದೇ ಕಾರ್ಖಾನೆಯಲ್ಲಿ ರೂಪುಗೊಂಡದ್ದು. ಆಮೇಲೆ ಗುಜರಾತಿನ ಅಂಕಲೇಶ್ವರದಲ್ಲೂ ತಯಾರಾಯಿತು. ನಮ್ಮ ತೋಟದ ಕೆಲಸದವರ ಮಗನಿಗೆ ನಾಯಿ ಕಚ್ಚಿದಾಗ ಸಾಗರದ ಆಸ್ಪತ್ರೆಯಲ್ಲಿ ತೋಳಿಗೆ ಹಾಕಿಸಿದ್ದು ಅದೇ ಲಸಿಕೆ. ಆ ಹುಡುಗ ಈಗ ಮರ ಹತ್ತಿ ಕೊನೆ ಇಳಿಸುತ್ತಾನೆ. ನಮ್ಮ ಕೇರಿಯ, ನೀರಿಗೆ ಹೆದರಿ ಸತ್ತ ಹುಡುಗ ಹುಟ್ಟಿದ್ದು ಕೆಲವು ದಶಕ ಮೊದಲು, ಅಷ್ಟೇ.

ನಾನು ಹೊರಡುವ ಹೊತ್ತಿಗೆ ಕೆಂಚಿಗೆ ನದೀದಂಡೆಯ ದಾರಿ ಪರಿಚಯವಾಗಿತ್ತು. ಮಗಳು ಕೆಲಸದಿಂದ ಬರುವ ಹೊತ್ತು ತಿಳಿದಿತ್ತು. ಅಜ್ಜಿಯ ಮುದಿ ನಾಯಿಯೊಡನೆ ಒಂದೇ ಬಿಸಿಲಿನಲ್ಲಿ ಮಲಗುತ್ತಿದ್ದಳು. ಫ್ಲಾಟಿನಲ್ಲಿ ಬದುಕುತ್ತದೆಯೇ ಎಂದು ಕೇಳಿದ್ದ ಇವರಿಗೆ ಫೋನಿನಲ್ಲಿ ಅಷ್ಟನ್ನೇ ಹೇಳಿದೆ.

ಊರಿಗೆ ಬಂದಿಳಿದದ್ದು ಅದೇ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ. ಹೋಟೆಲಿನ ಹಿಂದೆ ಕೆಂದು ಮೈಯ ನಾಯಿಗಳು ಈಗಲೂ ಇವೆ, ಕೆಂಚಿಯ ಒಡಹುಟ್ಟಿದವೋ ಅವುಗಳ ಮರಿಗಳೋ. ಅವುಗಳ ಕುತ್ತಿಗೆಯಲ್ಲಿ ಸಂಖ್ಯೆಯಿಲ್ಲ, ರಕ್ತದಲ್ಲಿ ಪ್ರತಿಕಾಯವಿದೆಯೋ ಇಲ್ಲವೋ ನೋಡಿದವರಿಲ್ಲ. ಕೆಂಚಿಯನ್ನು ಗಡಿ ದಾಟಿಸಿದ್ದು ಒಂದು ಸಾಧಾರಣ ಚುಚ್ಚುಮದ್ದು. ಉಳಿದ ಕಾಗದಗಳೆಲ್ಲ ಅದಕ್ಕೆ ಸಾಕ್ಷಿ ಹೇಳುವಂಥವು. ಆ ಚುಚ್ಚುಮದ್ದು ಬೀದಿಯ ನಾಯಿಗೆ ಬಿದ್ದರೆ ಬೀದಿಯ ಮಕ್ಕಳು ಉಳಿಯುತ್ತಾರೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆಯಾದರೆ ರೋಗ ಹರಡುವ ಸರಪಳಿ ಕಡಿಯುತ್ತದೆ ಎನ್ನುತ್ತಾರೆ ತಜ್ಞರು. ನೆರೆಯ ಗೋವಾ ಮನೆಮನೆ, ಬೀದಿಬೀದಿ ತಿರುಗಿ ನಾಯಿಗಳಿಗೆ ಲಸಿಕೆ ಹಾಕಿಸಿ 2021ರಲ್ಲಿ ರೇಬಿಸ್ ಹತೋಟಿಗೆ ಬಂದ ರಾಜ್ಯವೆಂದು ಘೋಷಿಸಿಕೊಂಡಿತು. ನಾಯಿಯಿಂದ ಬರುವ ರೇಬಿಸ್ ಅನ್ನು 2030ರೊಳಗೆ ದೇಶದಿಂದಲೇ ತೊಲಗಿಸುವ ಗುರಿ ಭಾರತಕ್ಕಿದೆ.

ನಾಯಿ ಸಾಕಿದವರು ಪರದೇಶಕ್ಕೆ ಹೊರಡುವುದಾದರೆ ಅದನ್ನು ಬೀದಿಗೆ ಬಿಟ್ಟು ಹೋಗಬೇಡಿ; ಆರೇಳು ತಿಂಗಳು ಮೊದಲೇ ಮೈಕ್ರೋಚಿಪ್‌ನಿಂದ ಶುರುಮಾಡಿ, ಎಲ್ಲವೂ ಆಗುತ್ತದೆ. ಎಲ್ಲಿಗೂ ಹೊರಡದವರು ನಿಮ್ಮ ಬೀದಿಯ ತಿರುವಿನಲ್ಲಿ ಮಲಗಿರುವ ನಾಯಿಯನ್ನು ಒಮ್ಮೆ ನೋಡಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ದಿನದವರೆಗೂ ಕಾಯಬೇಕಿಲ್ಲ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಅದಕ್ಕೊಂದು ಲಸಿಕೆ ಹಾಕಿಸಿ.